ಸೋಮವಾರದ ಕವಿತೆ

ಹೋದ ನವೆಂಬರಿನಲ್ಲಿ ಇಲ್ಲಿ ಮಾಂಟ್ರಿಯಲ್‌ನಲ್ಲಿ ನಮ್ಮ ರಾಜ್ಯೋತ್ಸವಕ್ಕೆ ಹೊರಟಿದ್ದೆ. ತೊಡೆಯ ಮೇಲೆ ಪುಳಿಯೋಗರೆ ಡಬ್ಬಿ, ಜೇಬಿನಲ್ಲಿ ಓದಬೇಕಿದ್ದ ಕವಿತೆ. ಟ್ಯಾಕ್ಸಿ ಓಡಿಸುತ್ತಿದ್ದವರು ಹೈಟಿಯವರು, ಅರವತ್ತು ದಾಟಿರಬಹುದು. ಕವಿತೆ ಓದೋಕೆ ಹೋಗ್ತಿದ್ದೀನಿ ಅಂದದ್ದೇ ತಡ, ಸ್ಟೇರಿಂಗ್ ಮೇಲೆ ಬೆರಳಲ್ಲಿ ತಾಳ ಹಾಕುತ್ತಾ ತಮ್ಮ ನಾಡಿನ ಕವಿ ಆಂಥನಿ ಫೆಲ್ಪ್ಸ್ ಅವರ 'ಮೋಂ ಪೇಯಿ ಕ ವ್ವಾಸಿ' ಹೇಳತೊಡಗಿದರು. ಇಗೋ ನನ್ನ ನಾಡು ಅಂತ ಅರ್ಥ. ಅಣ್ಣನ ಬಾಯಿಂದ ಕೇಳಿ ಕಲಿತದ್ದಂತೆ. ಸಿಗ್ನಲ್ ಹಸಿರಾಯ್ತು, ಹಿಂದಿನವರು ಹಾರ್ನ್ ಹೊಡೆದರು, ಗಾಡಿ ಹೊರಟಿತು, ಕವಿತೆ ಮಾತ್ರ ನಿಲ್ಲಲಿಲ್ಲ.

ಹಾಲ್ ತಲುಪಿದರೆ, "ಸರ್, ಊಟಕ್ಕೆ ಲೇಟಾಗ್ತಿದೆ, ನಾಲ್ಕು ಸಾಲು ಓದಿ ಮುಗಿಸಿಬಿಡಿ" ಅಂದರು. ಸಿನಿಮಾ ಹಾಡಿನ ಡಾನ್ಸ್ ಆಗಲೇ ಒಂದು ಗಂಟೆ ನಡೆದಿತ್ತು. ಬೇಜಾರು ಇನ್ನೂ ಹೋಗಿಲ್ಲ.

ಫೆಲ್ಪ್ಸ್ 1928ರಲ್ಲಿ ಹೈಟಿಯ ರಾಜಧಾನಿ ಪೋರ್ಟ್-ಒ-ಪ್ರಿನ್ಸ್‌ನಲ್ಲಿ ಹುಟ್ಟಿದವರು. ಅಲ್ಲಿ ಗೆಳೆಯರ ಜೊತೆ 'ಹೈಟಿ ಲಿಟರೇರ್' ಅಂತ ಗುಂಪು ಕಟ್ಟಿದರು. ಸರ್ವಾಧಿಕಾರಿ ದುವಾಲಿಯೆ ಆಳ್ವಿಕೆಯಲ್ಲಿ ಜೈಲು ಕಂಡು, ದೇಶ ಬಿಟ್ಟು 1964ರಲ್ಲಿ ಈ ಊರಿಗೆ ಬಂದಾಗ ಅವರಿಗೆ ಇನ್ನೂ ಮೂವತ್ತೈದು. ಹೊಟ್ಟೆಪಾಡಿಗೆ ರೇಡಿಯೊ-ಕೆನಡಾದಲ್ಲಿ ಪತ್ರಕರ್ತನ ಕೆಲಸ. ಆದರೆ ಸೋಮವಾರ ಸಂಜೆ? 'ಪೆರ್ಶ್ವಾರ್ ದಾಯಿತಿ' ಅನ್ನೋ ಹೋಟೆಲಿನಲ್ಲಿ ಕವಿತೆ. ಗಾಸ್ತೋಂ ಮಿರೋಂ ಥರದ, ಇಲ್ಲಿಯದೇ ಆದ ಕ್ವಿಬೆಕ್ ಪ್ರಾಂತ್ಯದ ಕವಿಗಳೂ ಅಲ್ಲಿಗೆ ಬಂದು ಓದುತ್ತಿದ್ದರು. ನನಗೆ ತುಂಬಾ ಹಿಡಿಸಿದ್ದು ಇದೇ. ಬಂದು ಹೆಚ್ಚು ದಿನ ಆಗಿಲ್ಲ, ಮೈಗೆ ಚಳಿ ಒಗ್ಗಿಲ್ಲ, ಆಗಲೇ ಊರಿನ ಕವಿಗಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡಿದ್ದಾರೆ! ನಾನು ಬಂದು ಹದಿನಾಲ್ಕು ವರ್ಷ ಆಯ್ತು, ನಮ್ಮ ವೇದಿಕೆಗೆ ಇಲ್ಲಿಯ ಒಬ್ಬ ಕವಿಯನ್ನು ಕರೆದದ್ದು ನೋಡಿಲ್ಲ. ನಾವು ನಾವೇ ಸೇರುತ್ತೇವೆ, ನಮಗೆ ನಾವೇ ಶಾಲು ಹೊದಿಸುತ್ತೇವೆ, ಬಿಸಿಬೇಳೆಬಾತ್ ತಿಂದು ಮನೆಗೆ ಹೋಗುತ್ತೇವೆ, ಮತ್ತೆ ಯುಗಾದಿಗೇ ಮುಖ ನೋಡೋದು. ಫೆಲ್ಪ್ಸ್ ತಮ್ಮ ಕವಿತೆಗಳನ್ನೂ ಗೆಳೆಯರ ಕವಿತೆಗಳನ್ನೂ ದನಿಯಲ್ಲಿ ರೆಕಾರ್ಡ್ ಮಾಡಿ ಡಿಸ್ಕ್ ತಂದರು. ಪುಸ್ತಕ ಸಿಗದವರ ಕಿವಿಗೂ ಕವಿತೆ ಮುಟ್ಟಬೇಕು ಅಲ್ವಾ.

ಹೌದು, ಅವರ ಕಷ್ಟವೇ ಬೇರೆ. ಅವರಿಗೆ ಊರಿನ ಬಾಗಿಲು ಮುಚ್ಚಿತ್ತು, ನಾವು ಕೆಲಸಕ್ಕೆ ಬಂದವರು, ಎರಡು ವರ್ಷಕ್ಕೊಮ್ಮೆ ಅಮ್ಮನ ಕೈ ಊಟ ಉಂಡು ಬರುತ್ತೇವೆ. ಅವರು ಹೆಚ್ಚಾಗಿ ಬರೆದದ್ದು ಫ್ರೆಂಚಿನಲ್ಲಿ. ಹೈಟಿಯ ಮನೆಮನೆಯ ಮಾತು ಕ್ರಿಯೋಲ್, ಅದು ಆಡಳಿತ ಭಾಷೆಯಾಗಿದ್ದು 1987ರ ಸಂವಿಧಾನದಲ್ಲಿ. ಅವತ್ತು ನಮ್ಮ ಹಾಲಿನಲ್ಲಿ ಇಲ್ಲೇ ಹುಟ್ಟಿದ ಆರು ವರ್ಷದ ಹುಡುಗಿ, ಲಂಗದ ಅಂಚು ಮುದುರುತ್ತಾ, ಅಜ್ಜಿ ಫೋನಿನಲ್ಲಿ ಕಲಿಸಿದ ಪದ್ಯವನ್ನು ಒಂದಕ್ಷರ ತಪ್ಪದೆ ಹೇಳಿದಳು. ಮನೆಮಾತು ಕನ್ನಡದಲ್ಲೇ ಹೇಳಿದಳು, ಅದನ್ನು ಒಪ್ಪಲೇಬೇಕು.

ಫೆಲ್ಪ್ಸ್ 2025ರಲ್ಲಿ ಇದೇ ಊರಿನಲ್ಲಿ ತೀರಿಕೊಂಡರು. ಒಂದು ಸಲವೂ ಹೋಗಿ ನೋಡಲಿಲ್ಲ ನಾನು.

ಮುಂದಿನ ತಿಂಗಳಿಂದ ಸೋಮವಾರ ಸಂಜೆ ನಮ್ಮ ಮನೆಗೆ ಬನ್ನಿ. ಫಿಲ್ಟರ್ ಕಾಫಿ ಮಾಡಿರುತ್ತೇನೆ. ಆ ಟ್ಯಾಕ್ಸಿ ಡ್ರೈವರನ್ನೂ ಕರೆದಿದ್ದೇನೆ. ಕವಿತೆ ಪೂರ್ತಿ ಓದಿ.