ಹಿರಿಯ ರಿಸೀವರ್‌ಗೆ ಕೆಲಸ ಹಂಚುವುದು ಆಟವೋ, ಮೈಬಣ್ಣವೋ? ಪರ–ವಿರೋಧ

ಪ್ರಶ್ನೆ: ಅಮೆರಿಕದ ಎನ್‌ಎಫ್‌ಎಲ್ ಫುಟ್‌ಬಾಲ್‌ನಲ್ಲಿ ವಯಸ್ಸಾದ ರಿಸೀವರ್‌ಗೆ ಯಾವ ಪಾತ್ರ ಸಿಗಬೇಕು ಎಂಬುದನ್ನು ಮೈಬಣ್ಣ ಇಂದಿಗೂ ತೀರ್ಮಾನಿಸುತ್ತಿದೆಯೇ?

ತಂಡದ ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಎಸೆದ ಚೆಂಡನ್ನು ಓಡಿ ಹೋಗಿ ಹಿಡಿಯುವವನು ರಿಸೀವರ್. ಹರೆಯದಲ್ಲಿ ಅವನು ಸಾಲಿನ ತುದಿಯಲ್ಲಿ, ಮೈದಾನದ ಗೆರೆಗೆ ಹತ್ತಿರ ನಿಂತು, ತನ್ನನ್ನು ಕಾಯುವ ಎದುರಾಳಿ ಕಾರ್ನರ್‌ಬ್ಯಾಕನ್ನು ಬರೀ ಓಟದಿಂದಲೇ ಹಿಂದೆ ಹಾಕುತ್ತಾನೆ. ಮೂವತ್ತು ದಾಟಿತೆಂದರೆ ಆ ವೇಗ ಕೈಕೊಡಲು ಶುರು. ಆಗ ತಂಡಕ್ಕೆ ಉಳಿಯುವ ದಾರಿಗಳು ಕೆಲವೇ. ಅವನನ್ನು ಒಳಕ್ಕೆ ಸರಿಸಿ, ಮಧ್ಯದಲ್ಲಿ ಸಾಲಾಗಿ ನಿಲ್ಲುವ ಲೈನ್‌ಮನ್‌ಗಳಿಗೂ ತುದಿಯ ರಿಸೀವರ್‌ಗೂ ನಡುವಿನ ‘ಸ್ಲಾಟ್’ ಜಾಗದಲ್ಲಿ ನಿಲ್ಲಿಸಬಹುದು. ಹುಡುಗರಿಗೆ ಹೇಳಿಕೊಡಲಿ ಎಂದು ಇಟ್ಟುಕೊಳ್ಳಬಹುದು. ಇಲ್ಲವೇ ಮನೆಗೆ ಕಳಿಸಬಹುದು.

ಸ್ಲಾಟ್‌ನಲ್ಲಿ ಕಾಲಿಗಿಂತ ಕಣ್ಣಿಗೆ ಹೆಚ್ಚು ಕೆಲಸ. ಎದುರಿನವನ ಸೊಂಟ ಎಡಕ್ಕೆ ತಿರುಗಿತೋ ಬಲಕ್ಕೋ ನೋಡಿಕೊಂಡು ಅದರ ಉಲ್ಟಾ ದಿಕ್ಕಿಗೆ ಓಟ ತಿರುಗಿಸಬೇಕು, ಅದೇ ಕ್ಷಣಕ್ಕೆ ಕ್ವಾರ್ಟರ್‌ಬ್ಯಾಕ್ ಕೂಡ ಅದನ್ನೇ ಓದಿರಬೇಕು. ಈ ಕೆಲಸ ಎಂದೊಡನೆ ಅಲ್ಲಿನ ಅಭಿಮಾನಿಗಳ ಬಾಯಿಗೆ ಬರುವ ಹೆಸರುಗಳು ವೆಸ್ ವೆಲ್ಕರ್, ಜೂಲಿಯನ್ ಎಡೆಲ್ಮನ್, ಡ್ಯಾನಿ ಅಮೆಂಡೋಲಾ. ಮೂವರೂ ಬಿಳಿಯರು. ರಿಸೀವರ್‌ಗಳಲ್ಲಿ ಬಹುಪಾಲು ಮಂದಿ ಕಪ್ಪು ವರ್ಣೀಯರೇ ಆಗಿರುವ ಲೀಗಿನಲ್ಲಿ ಇದು ಹೇಗಾಯಿತು ಎಂಬಲ್ಲಿಂದ ಜಗಳ ಆರಂಭ.

ಪರ: ಹೌದು, ಬುದ್ಧಿ ಯಾರದು, ಕಾಲು ಯಾರದು ಎಂದು ಮೊದಲೇ ಹಂಚಿಟ್ಟಿದ್ದಾರೆ

1968ರ ಅಕ್ಟೋಬರ್‌ನಲ್ಲಿ ಡೆನ್ವರ್ ಬ್ರಾಂಕೋಸ್ ತಂಡದ ಕ್ವಾರ್ಟರ್‌ಬ್ಯಾಕ್ ಆಗಿ ಮಾರ್ಲಿನ್ ಬ್ರಿಸ್ಕೋ ಮೈದಾನಕ್ಕಿಳಿದರು. ಆಗ ಎನ್‌ಎಫ್‌ಎಲ್‌ಗೆ ಪೈಪೋಟಿಯಾಗಿದ್ದ ಎಎಫ್‌ಎಲ್ ಲೀಗಿನಲ್ಲಿ ಆ ಜಾಗದಿಂದ ಪಂದ್ಯ ಶುರುಮಾಡಿದ ಮೊದಲ ಕಪ್ಪು ಆಟಗಾರ ಅವರು. ಅದೊಂದೇ ಋತುವಿನಲ್ಲಿ 14 ಟಚ್‌ಡೌನ್ (ಚೆಂಡು ಎದುರಾಳಿಯ ಗೆರೆ ದಾಟಿ ಅಂಕ ತರುವ) ಪಾಸ್ ಎಸೆದರು. ಹೊಸಬನೊಬ್ಬನ ಮಟ್ಟಿಗೆ ಅದು ಎದೆ ತಟ್ಟಿ ಹೇಳಿಕೊಳ್ಳುವ ಲೆಕ್ಕ. ಮರುವರ್ಷ ಅದೇ ಜಾಗಕ್ಕೆ ಪೈಪೋಟಿ ಮಾಡುವ ಅವಕಾಶವನ್ನೂ ತಂಡ ಕೊಡಲಿಲ್ಲ. ಬ್ರಿಸ್ಕೋ ಹೊರಬಿದ್ದು ಬಫಲೋ ಸೇರಿದರು, ಅಲ್ಲಿ ರಿಸೀವರ್ ಆದರು. 1970ರಲ್ಲಿ 57 ಕ್ಯಾಚ್, 1,036 ಗಜ. 1972ರಲ್ಲಿ ಒಂದೂ ಪಂದ್ಯ ಸೋಲದ ಮಯಾಮಿ ಡಾಲ್ಫಿನ್ಸ್ ತಂಡದಲ್ಲೂ ಅವರಿದ್ದರು.

ಈ ಕಥೆಯನ್ನು ಛಲದ ಕಥೆ ಎಂದು ಹೇಳುವವರಿದ್ದಾರೆ. ಛಲ ಇತ್ತು, ನಿಜ. ಆದರೆ ನನಗೆ ಕಾಣುವುದು ಇನ್ನೊಂದು: ಯೋಚಿಸುವ ಜಾಗದಿಂದ ಎಬ್ಬಿಸಿ ಓಡುವ ಜಾಗಕ್ಕೆ ಕಳಿಸಿದರು. ಕಪ್ಪು ಹುಡುಗನ ಮಟ್ಟಿಗೆ ರಿಸೀವರ್ ಎಂಬ ಕೆಲಸ ಹಲವು ಬಾರಿ ಹೀಗೆ ಕಳಿಸಿಕೊಟ್ಟ ಜಾಗವೇ ಆಗಿತ್ತು. ವಾರನ್ ಮೂನ್ ಆ ದಾರಿ ಹಿಡಿಯಲು ಒಪ್ಪದೆ 1978ರಲ್ಲಿ ಕೆನಡಾಕ್ಕೆ ಹೋದರು, ಎಡ್ಮಂಟನ್ ಪರ ಅಲ್ಲಿನ ಚಾಂಪಿಯನ್ ಪಟ್ಟವಾದ ಗ್ರೇ ಕಪ್ ಐದು ಸಲ ಗೆದ್ದ ಮೇಲೆ ಹ್ಯೂಸ್ಟನ್ ಅವರನ್ನು ಕರೆಸಿಕೊಂಡಿತು. ಅದೆಲ್ಲ ಹಳೇ ಕಾಲ ಎನ್ನುವಂತಿಲ್ಲ. 2018ರಲ್ಲಿ ಕಾಲೇಜಿನ ಕ್ವಾರ್ಟರ್‌ಬ್ಯಾಕ್ ಲಮಾರ್ ಜಾಕ್ಸನ್ ಡ್ರಾಫ್ಟ್‌ಗೆ (ತಂಡಗಳು ಹೊಸಬರನ್ನು ಸರದಿಯಲ್ಲಿ ಆರಿಸುವ ವ್ಯವಸ್ಥೆ) ಬಂದಾಗ, ತಂಡಗಳನ್ನು ಕಟ್ಟಿ ಹೆಸರು ಮಾಡಿದ್ದ ಬಿಲ್ ಪೋಲಿಯನ್ ಆತ ರಿಸೀವರ್ ಆಗುವುದೇ ಒಳ್ಳೆಯದು ಎಂದರು. ಮರುವರ್ಷ ಜಾಕ್ಸನ್ ಕ್ವಾರ್ಟರ್‌ಬ್ಯಾಕ್ ಆಗಿಯೇ ಸರ್ವಾನುಮತದಿಂದ ವರ್ಷದ ಅತ್ಯುತ್ತಮ ಆಟಗಾರನಾದರು, ಪೋಲಿಯನ್ ತಮ್ಮ ಮಾತು ತಪ್ಪೆಂದು ಒಪ್ಪಿಕೊಂಡರು.

ಈ ಹಂಚಿಕೆಯನ್ನು ಸಮಾಜಶಾಸ್ತ್ರಜ್ಞರು 1970ರಷ್ಟು ಹಿಂದೆಯೇ ಗುರುತಿಸಿದ್ದರು. ಲೊಯ್ ಮತ್ತು ಮ್ಯಾಕೆಲ್ವೋಗ್ ಎಂಬ ಇಬ್ಬರು ಬೇಸ್‌ಬಾಲ್, ಫುಟ್‌ಬಾಲ್ ಎರಡರಲ್ಲೂ ಯಾರು ಎಲ್ಲಿ ನಿಲ್ಲುತ್ತಾರೆ ಎಂದು ಎಣಿಸಿ ನೋಡಿದರು. ಇಡೀ ತಂಡಕ್ಕೆ ಆಜ್ಞೆ ಹೊರಡುವ ನಡುವಿನ ಜಾಗಗಳಲ್ಲಿ ಬಿಳಿಯರು, ಅಂಚಿನಲ್ಲಿ ಕಪ್ಪು ಆಟಗಾರರು. ಆಮೇಲೆ ಎಷ್ಟೋ ಗೋಡೆಗಳು ಬಿದ್ದಿವೆ. ಆದರೆ ಒಬ್ಬನನ್ನು ಕಾಲಿಗಾಗಿ, ಇನ್ನೊಬ್ಬನನ್ನು ತಲೆಗಾಗಿ ಆರಿಸುವ ಅಭ್ಯಾಸದ ಬಿಸಿ ಹೆಚ್ಚು ತಟ್ಟುವುದು ವಯಸ್ಸಾದಾಗಲೇ. ಕಾಲಿಗಾಗಿ ತಂದವನ ಕಾಲು ನಿಧಾನವಾದರೆ ಅವನನ್ನು ಇಟ್ಟುಕೊಳ್ಳಲು ಕಾರಣ ಏನಿದೆ? ‘ಜಾಣ’ ಎಂದು ತಂದವನಿಗೆ ಮೂವತ್ತೆರಡು ತುಂಬಿದರೂ ಜಾಣತನ ಇದ್ದೇ ಇರುತ್ತದಲ್ಲ.

ಟಿವಿ ಕಾಮೆಂಟರಿಗೆ ಸ್ವಲ್ಪ ಹೊತ್ತು ಕಿವಿಗೊಡಿ. ಒಬ್ಬ ‘ಹುಟ್ಟು ಪ್ರತಿಭೆ’, ಇನ್ನೊಬ್ಬ ‘ಬೆವರು ಸುರಿಸಿ ಮೇಲೆ ಬಂದವನು’. ಒಬ್ಬನದು ‘ಸಿಡಿಯುವ ವೇಗ’, ಇನ್ನೊಬ್ಬನದು ‘ಕಣ್ಣಿಗೆ ಕಾಣದ ವೇಗ’. ಮೊದಲ ಮಾತು ಹೆಚ್ಚಾಗಿ ಕಪ್ಪು ಆಟಗಾರನಿಗೆ, ಎರಡನೆಯದು ಬಿಳಿಯನಿಗೆ. ಈ ಏಟು ಬಿಳಿಯ ರಿಸೀವರ್‌ಗೂ ಬೀಳುತ್ತದೆ. 2011ರಲ್ಲಿ ಗ್ರೀನ್ ಬೇ ಪ್ಯಾಕರ್ಸ್‌ನ ಜೋರ್ಡಿ ನೆಲ್ಸನ್ ಬಗ್ಗೆ ಕಪ್ಪು ರಿಸೀವರ್ ಗ್ರೆಗ್ ಜೆನಿಂಗ್ಸ್, ಬಿಳಿಯ ಕ್ವಾರ್ಟರ್‌ಬ್ಯಾಕ್ ಆರನ್ ರಾಜರ್ಸ್ ಇಬ್ಬರೂ ಮುಚ್ಚುಮರೆಯಿಲ್ಲದೆ ಮಾತಾಡಿದರು: ಎದುರಾಳಿಗಳು ನೆಲ್ಸನ್‌ರ ಮೈಬಣ್ಣ ನೋಡಿ ಹಗುರವಾಗಿ ತೆಗೆದುಕೊಳ್ಳುತ್ತಾರೆ, ಏಟು ತಿನ್ನುತ್ತಾರೆ ಎಂದು. ಒಂದೇ ಡ್ರೆಸಿಂಗ್ ರೂಮಿನಲ್ಲಿ ಕೂತವರು ಇಷ್ಟು ನೇರವಾಗಿ ಹೇಳಿದ ಮೇಲೂ ಬಣ್ಣದ ಮಾತೇ ಇಲ್ಲ ಎನ್ನಲು ನನ್ನಿಂದಾಗದು.

ಇನ್ನು, ತಲೆಯ ವಿಷಯಕ್ಕೇ ಬರುತ್ತೇನೆ. ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಲಕಿದ್ದು ಮೈದಾನದ ಹೊರಗೆ ನಡೆದ ಸಂಗತಿ. ತಲೆಗೆ ಬಿದ್ದ ಪೆಟ್ಟುಗಳಿಂದ ಮರೆವಿನ ಕಾಯಿಲೆಗೆ ಬಿದ್ದ ನಿವೃತ್ತ ಆಟಗಾರರಿಗೆ ಲೀಗ್ ಪರಿಹಾರ ಕೊಡಲು ಒಪ್ಪಿತು. ಫಿಲಡೆಲ್ಫಿಯಾದ ಫೆಡರಲ್ ನ್ಯಾಯಾಧೀಶೆ ಅನಿಟಾ ಬ್ರೋಡಿ 2015ರಲ್ಲಿ ಆ ಒಪ್ಪಂದಕ್ಕೆ ಅಂಕಿತ ಹಾಕಿದರು. ಪರಿಹಾರ ಸಿಗಬೇಕಾದರೆ ನೆನಪು, ಯೋಚನೆ ಎಷ್ಟು ಕುಸಿದಿದೆ ಎಂಬ ಪರೀಕ್ಷೆಯಾಗಬೇಕು. ಆ ಪರೀಕ್ಷೆಗಳ ಲೆಕ್ಕದಲ್ಲಿ ಆಗ ಜನಾಂಗವೂ ಒಂದು ಅಂಶವಾಗಿತ್ತು. ಕಪ್ಪು ವರ್ಣೀಯನ ಬುದ್ಧಿಮಟ್ಟ ಆರಂಭದಲ್ಲೇ ಬಿಳಿಯನಿಗಿಂತ ಕೆಳಗಿತ್ತು ಎಂದು ಹಿಡಿದು ಅಂಕ ಹಾಕುವ ಪದ್ಧತಿ ಅದಾಗಿತ್ತು. ಅಂದರೆ ಇಬ್ಬರೂ ಅಷ್ಟೇ ಅಂಕ ಪಡೆದರೂ ಬಿಳಿಯನಿಗೆ ‘ಕುಸಿದಿದೆ, ಪರಿಹಾರ ಕೊಡಿ’, ಕಪ್ಪು ವರ್ಣೀಯನಿಗೆ ‘ನಿನ್ನ ಮಟ್ಟ ಇದ್ದದ್ದೇ ಇಷ್ಟು’. ಪಿಟ್ಸ್‌ಬರ್ಗ್‌ಗೆ ಆಡಿದ್ದ ಕೆವಿನ್ ಹೆನ್ರಿ, ನಾಜೆ ಡೇವನ್‌ಪೋರ್ಟ್ 2020ರಲ್ಲಿ ಕೋರ್ಟಿಗೆ ಹೋದರು. 2021ರ ಜೂನ್‌ನಲ್ಲಿ ಲೀಗ್ ಇದನ್ನು ಕೈಬಿಡುವುದಾಗಿ ಹೇಳಿತು. ಇಬ್ಬರೂ ರಿಸೀವರ್‌ಗಳಲ್ಲ, ನಿಜ. ಆದರೆ ನಿವೃತ್ತನ ಮಿದುಳಿನ ಬೆಲೆಯನ್ನೇ ಬಣ್ಣ ನೋಡಿ ಕಟ್ಟಿದ ವ್ಯವಸ್ಥೆ, ಮೂವತ್ತೆರಡರ ರಿಸೀವರ್ ಎದುರಾಳಿಯ ಆಟ ಓದಬಲ್ಲನೇ ಎಂದು ತೂಗುವಾಗ ಬಣ್ಣ ಮರೆತುಬಿಡುತ್ತದೆ ಎಂದರೆ ಹೇಗೆ ನಂಬಲಿ?

ಆಟ ಮುಗಿದ ಮೇಲಿನ ಪಾತ್ರವೂ ಪಾತ್ರವೇ. ಕಪ್ಪು ರಿಸೀವರ್‌ಗೆ ರಿಸೀವರ್ ಕೋಚ್ ಕೆಲಸ ಸಿಗುತ್ತದೆ. ಮುಖ್ಯ ಕೋಚ್ ಹುದ್ದೆಗೆ ಹೋಗುವ ಮೆಟ್ಟಿಲು ಮಾತ್ರ ಹೆಚ್ಚಾಗಿ ಕ್ವಾರ್ಟರ್‌ಬ್ಯಾಕ್ ಕೋಣೆಯಲ್ಲಿದೆ. ವಾಷಿಂಗ್ಟನ್ ತಂಡ ಕಪ್ಪು ಆಟಗಾರರಿಗೆ ಬಾಗಿಲು ತೆರೆದದ್ದು ಲೀಗಿನಲ್ಲೇ ಕೊನೆಗೆ, 1962ರಲ್ಲಿ. ಅಂದು ಒಳಗೆ ಬಂದ ಬಾಬಿ ಮಿಚೆಲ್‌ರನ್ನು ರಿಸೀವರ್ ಮಾಡಿದರು. ಆ ವರ್ಷವೇ 72 ಕ್ಯಾಚ್, 1,384 ಗಜ, ಲೀಗಿಗೇ ಮೊದಲು. ಆಡುವುದು ನಿಲ್ಲಿಸಿದ ಮೇಲೆ 2003ರವರೆಗೂ ಅದೇ ತಂಡದ ಕಚೇರಿಯಲ್ಲಿ ದುಡಿದರು, ಸಹಾಯಕ ಜನರಲ್ ಮ್ಯಾನೇಜರ್ ಆದರು. ಜನರಲ್ ಮ್ಯಾನೇಜರ್ ಕುರ್ಚಿ ಕೊನೆಗೂ ಸಿಗಲಿಲ್ಲ.

ವಿರೋಧ: ಇಲ್ಲ, ಸ್ಲಾಟ್ ಬಿಳಿಯರ ಜಾಗ ಎನ್ನುವುದೇ ಮರೆವಿನ ಮಾತು

2016ರ ಜನವರಿ 16, ಅರಿಜೋನಾದ ಗ್ಲೆಂಡೇಲ್. ಪ್ಯಾಕರ್ಸ್ ವಿರುದ್ಧದ ಪ್ಲೇಆಫ್ (ನಾಕೌಟ್) ಪಂದ್ಯ ಸಮವಾಗಿ ಹೆಚ್ಚುವರಿ ಅವಧಿಗೆ ಹೋಗಿದೆ. ಕಾರ್ಡಿನಲ್ಸ್‌ನ ಕ್ವಾರ್ಟರ್‌ಬ್ಯಾಕ್ ಕಾರ್ಸನ್ ಪಾಮರ್ ಸಿಕ್ಕಿಬಿದ್ದೇ ಬಿಟ್ಟರು ಎನ್ನುವಾಗ ಗಿರಕಿ ಹೊಡೆದು ತಪ್ಪಿಸಿಕೊಂಡು, ಮೈದಾನದ ಆ ಬದಿಗೆ ಚೆಂಡನ್ನು ಎಸೆಯುತ್ತಾರೆ. ಅಲ್ಲಿ ಒಬ್ಬರೇ ನಿಂತಿದ್ದವರು ಲ್ಯಾರಿ ಫಿಟ್ಸ್‌ಜೆರಾಲ್ಡ್, ವಯಸ್ಸು 32. ಆಟ ಕೆಟ್ಟು ಎಲ್ಲರೂ ಒಂದೇ ಕಡೆ ನುಗ್ಗುವಾಗ ಖಾಲಿ ಜಾಗ ಯಾವುದು ಎಂದು ಅವರಿಗೆ ಗೊತ್ತಿತ್ತು. ಹಿಡಿದರು, ಒಬ್ಬನನ್ನು ಕೈಯಿಂದ ತಳ್ಳಿದರು, ಇನ್ನೊಬ್ಬನಿಂದ ಜಾರಿಕೊಂಡರು, ಓಡಿ ಐದನೇ ಗಜದ ಗೆರೆಯ ಬಳಿ ಬಿದ್ದರು, ಆ ಒಂದೇ ಎಸೆತಕ್ಕೆ ಒಟ್ಟು 75 ಗಜ. ಸ್ವಲ್ಪದರಲ್ಲೇ ಟಚ್‌ಡೌನ್ ಕೂಡ ಅವರದೇ. ಆ ಪಂದ್ಯದಲ್ಲಿ ಒಟ್ಟು 8 ಕ್ಯಾಚ್, 176 ಗಜ.

ಫಿಟ್ಸ್‌ಜೆರಾಲ್ಡ್ ಕಪ್ಪು ವರ್ಣೀಯರು. 2013ರಲ್ಲಿ ಬಂದ ಕೋಚ್ ಬ್ರೂಸ್ ಏರಿಯನ್ಸ್ ಅವರನ್ನು ತುದಿಯಿಂದ ಸ್ಲಾಟ್‌ಗೆ ಸರಿಸಿದರು. 2015ರಿಂದ ಮೂರು ವರ್ಷ ಕ್ರಮವಾಗಿ 109, 107, 109 ಕ್ಯಾಚ್. ಎದುರಾಳಿಯ ಲೈನ್‌ಬ್ಯಾಕರ್‌ಗಳಿಗೆ (ಡಿಫೆನ್ಸ್‌ನ ಗಟ್ಟಿ ಆಳುಗಳಿಗೆ) ಅಡ್ಡ ನಿಂತು ಬ್ಲಾಕ್ ಮಾಡುವ ಒರಟು ಕೆಲಸವನ್ನೂ ಮಾಡಿದರು. ಹಿರಿಯ ರಿಸೀವರ್ ಅಂದರೆ ಏನು ಎಂಬುದಕ್ಕೆ ಇವರಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಅವರೊಬ್ಬರೇ ಅಪವಾದವೂ ಅಲ್ಲ. ಕಪ್ಪು ರಿಸೀವರ್ ಆನ್‌ಕ್ವಾನ್ ಬೋಲ್ಡಿನ್ 2003ರಲ್ಲಿ ಡ್ರಾಫ್ಟ್‌ಗೆ ಮುಂಚೆ 40 ಗಜ ಓಡಲು 4.71 ಸೆಕೆಂಡ್ ತೆಗೆದುಕೊಂಡರು. 2017ರಲ್ಲಿ ಬಿಳಿಯ ಕೂಪರ್ ಕಪ್ ತೆಗೆದುಕೊಂಡದ್ದು 4.62. ಇಬ್ಬರಲ್ಲಿ ನಿಧಾನ ಬೋಲ್ಡಿನ್ನೇ. ಅವರನ್ನು ಯಾರೂ ಕಾಲಿಗಾಗಿ ತಂದಿರಲಿಲ್ಲ. ಕೈಗಾಗಿ, ಗಟ್ಟಿತನಕ್ಕಾಗಿ ತಂದರು, 2013ರಲ್ಲೂ ಅವರು 1,179 ಗಜ ಗಳಿಸಿದರು. ಇನ್ನೊಬ್ಬ ಕಪ್ಪು ರಿಸೀವರ್ ಜೆರ್ರಿ ರೈಸ್ 2002ರಲ್ಲಿ, ನಲವತ್ತರ ವಯಸ್ಸಿನಲ್ಲಿ, 1,211 ಗಜ ಗಳಿಸಿದರು. ದಕ್ಷಿಣ ಕೊರಿಯಾದ ಸಿಯೋಲ್‌ನಲ್ಲಿ ಕೊರಿಯನ್ ತಾಯಿ, ಕಪ್ಪು ಅಮೆರಿಕನ್ ತಂದೆಗೆ ಹುಟ್ಟಿದ ರಿಸೀವರ್ ಹೈನ್ಸ್ ವಾರ್ಡ್ ಬ್ಲಾಕ್ ಮಾಡುವುದರಲ್ಲಿ ಎಷ್ಟು ಖಡಕ್ ಎಂದರೆ, ಅಂಥ ಬ್ಲಾಕ್ ತಡೆಯಲು 2009ರಲ್ಲಿ ಲೀಗ್ ತಂದ ಹೊಸ ನಿಯಮವನ್ನು ಜನ ಅವರ ಹೆಸರಿನಿಂದಲೇ ಕರೆದರು.

ಇನ್ನು ಬಿಳಿಯ ಬಣ್ಣ ಯಾರನ್ನು ಉಳಿಸಿತು? ವೆಲ್ಕರ್‌ರನ್ನು 2004ರ ಡ್ರಾಫ್ಟ್‌ನಲ್ಲಿ ಯಾರೂ ಆರಿಸಲಿಲ್ಲ, ಸ್ಯಾನ್ ಡಿಯಾಗೋ ತಂಡ ಒಂದೇ ಪಂದ್ಯದ ನಂತರ ಕೈಬಿಟ್ಟಿತು. ಜೋರ್ಡಿ ನೆಲ್ಸನ್ ಹತ್ತು ವರ್ಷ ಪ್ಯಾಕರ್ಸ್‌ಗೆ ದುಡಿದರು. 2018ರ ಮಾರ್ಚ್‌ನಲ್ಲಿ ಜಿಮ್ಮಿ ಗ್ರಹಾಮ್‌ರನ್ನು ತರುವ ದಿನವೇ ತಂಡ ನೆಲ್ಸನ್‌ರನ್ನು ಬಿಡುಗಡೆ ಮಾಡಿತು. ಕಪ್ 2021ರಲ್ಲಿ 145 ಕ್ಯಾಚ್, 1,947 ಗಜ, 16 ಟಚ್‌ಡೌನ್ ಗಳಿಸಿ, ಲೀಗಿನ ಫೈನಲ್ ಆದ ಸೂಪರ್ ಬೌಲ್‌ನ ಅತ್ಯುತ್ತಮ ಆಟಗಾರನಾದರು. 2025ರ ಮಾರ್ಚ್‌ನಲ್ಲಿ ಅವರಾಡುತ್ತಿದ್ದ ರ‍್ಯಾಮ್ಸ್ ತಂಡ ಅವರನ್ನೂ ಹೊರಗೆ ಕಳಿಸಿತು. ಇಲ್ಲಿ ಕತ್ತರಿ ಹಿಡಿದಿರುವುದು ಸಂಬಳದ ಮಿತಿ. ತಂಡದಲ್ಲಿ 53 ಜನ, ಎಲ್ಲರ ಸಂಬಳಕ್ಕೂ ಸೇರಿ ಒಂದೇ ಮೇಲ್ಮಿತಿ. ಐದನೇ ರಿಸೀವರ್ ಆಗಿ ಉಳಿಯಬೇಕಾದರೆ ಕಿಕ್‌ಗಳ ಹಿಂದೆ ಓಡಿ ಟ್ಯಾಕಲ್ ಮಾಡಬೇಕು. ಅಲ್ಲಿ ಮೂವತ್ತೆರಡರ ಮಂಡಿಗಿಂತ ಇಪ್ಪತ್ಮೂರರ ಮಂಡಿ ಅಗ್ಗ, ಗಟ್ಟಿ.

ಕಾಮೆಂಟರಿಯ ಭಾಷೆಯಲ್ಲಿ ಪೂರ್ವಗ್ರಹ ಇದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. 2019ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಸಂಶೋಧಕರು 1,455 ಪಂದ್ಯಗಳ ಪ್ರಸಾರದ ಮಾತುಗಳನ್ನು ಕಲೆಹಾಕಿ ಆ ವ್ಯತ್ಯಾಸವನ್ನು ತೋರಿಸಿಕೊಟ್ಟರು. ಪರಿಹಾರದ ಲೆಕ್ಕದಲ್ಲಿ ನಡೆದದ್ದಂತೂ ನಾಚಿಕೆಗೇಡು, ಆ ವಿಷಯದಲ್ಲಿ ನನ್ನದೂ ಅದೇ ಸಿಟ್ಟು. ಕೋಚ್ ಹುದ್ದೆಗಳ ಬಗ್ಗೆಯೂ ನನ್ನ ತಕರಾರಿಲ್ಲ. ಆದರೆ ಮೂರನೇ ಡೌನ್‌ನಲ್ಲಿ (ಹತ್ತು ಗಜ ಸಾಗಲು ಸಿಗುವ ನಾಲ್ಕು ಯತ್ನಗಳಲ್ಲಿ ಮೂರನೆಯದರಲ್ಲಿ) ಯಾರನ್ನು ಸ್ಲಾಟ್‌ಗೆ ಕಳಿಸಬೇಕು ಎಂದು ತೀರ್ಮಾನಿಸುವವನು ಮೈಕ್ ಹಿಡಿದವನಲ್ಲ. ವಾರವಿಡೀ ಕತ್ತಲೆ ಕೋಣೆಯಲ್ಲಿ ವಿಡಿಯೋ ತಿರುಗಿಸಿ ತಿರುಗಿಸಿ ನೋಡುವ ಕೋಚ್ ಅವನು. ಸೋತರೆ ಅವನ ಕೆಲಸವೇ ಹೋಗುತ್ತದೆ.

ನನ್ನ ನಿಜವಾದ ದುಃಖ ಬೇರೆ. ‘ಸ್ಲಾಟ್ ಬಿಳಿಯರಿಗೆ ಮೀಸಲಿಟ್ಟ ಕೆಲಸ’ ಎನ್ನುವಾಗ ಟ್ರಾಯ್ ಬ್ರೌನ್ ಎಂಬ ಮನುಷ್ಯನನ್ನೇ ಅಳಿಸಿಹಾಕುತ್ತೇವೆ. 1993ರಲ್ಲಿ ಎಂಟನೇ ಸುತ್ತಿನಲ್ಲಿ ಪೇಟ್ರಿಯಟ್ಸ್‌ಗೆ ಬಂದ ಕಪ್ಪು ಹುಡುಗ. 2001ರಲ್ಲಿ, ಆ ತಂಡ ಮೊದಲ ಸೂಪರ್ ಬೌಲ್ ಗೆದ್ದ ಋತುವಿನಲ್ಲಿ, 101 ಕ್ಯಾಚ್. 2004ರಲ್ಲಿ ಡಿಫೆನ್ಸ್‌ಗೆ ಜನ ಸಾಲದಾದಾಗ ಆ ಕಡೆಯೂ ಆಡಿ ಎದುರಾಳಿಯ ಮೂರು ಪಾಸ್ ಕಸಿದರು (ಇಂಟರ್‌ಸೆಪ್ಷನ್). 2007ರ ಜನವರಿಯಲ್ಲಿ ಅವರಿಗೆ 35. ಸ್ಯಾನ್ ಡಿಯಾಗೋದಲ್ಲಿ ಪ್ಲೇಆಫ್, ಕೊನೆಯ ಕಾಲು ಭಾಗ, ನಾಲ್ಕನೇ ಡೌನ್, ತಂಡ ಎಂಟು ಅಂಕ ಹಿಂದೆ. ಟಾಮ್ ಬ್ರೇಡಿ ಎಸೆದ ಚೆಂಡು ಎದುರಾಳಿ ಮಾರ್ಲನ್ ಮೆಕ್ರೀ ಕೈ ಸೇರಿತು. ಅಲ್ಲಿಗೆ ಮುಗಿಯಬೇಕಿತ್ತು. ಬ್ರೌನ್ ಆ ಕ್ಷಣವೇ ರಿಸೀವರ್ ಎಂಬುದನ್ನು ಬಿಟ್ಟು ಡಿಫೆಂಡರ್ ಆದರು, ಮೆಕ್ರೀಯ ತೋಳಿನಿಂದ ಚೆಂಡನ್ನು ಕಿತ್ತು ಕೆಡವಿದರು. ಜೊತೆಗಾರ ಅದನ್ನು ಹಿಡಿದ. ಪೇಟ್ರಿಯಟ್ಸ್ 24–21ರಿಂದ ಗೆದ್ದಿತು.

ಅದಾಗಿ ಎರಡು ತಿಂಗಳೂ ಕಳೆದಿರಲಿಲ್ಲ, ಅವರ ಜಾಗಕ್ಕೆ ವೆಸ್ ವೆಲ್ಕರ್ ಬಂದರು. ವೆಲ್ಕರ್‌ಗೆ ಕೊಟ್ಟ 83ನೇ ನಂಬರಿನ ಜೆರ್ಸಿ ಅದಕ್ಕೂ ಮೊದಲು ಡಿಯಾನ್ ಬ್ರಾಂಚ್ ಮೈಮೇಲಿತ್ತು. ಬ್ರಾಂಚ್ ಕೂಡ ಐದಡಿ ಒಂಬತ್ತು ಇಂಚಿನ ಕಪ್ಪು ರಿಸೀವರ್. 2005ರ ಸೂಪರ್ ಬೌಲ್‌ನಲ್ಲಿ 11 ಕ್ಯಾಚ್ ಹಿಡಿದು ಅತ್ಯುತ್ತಮ ಆಟಗಾರನಾಗಿದ್ದರು.