ದೊಡ್ಡ ಪದಗಳ ಸಹವಾಸ

ಇಂಗ್ಲಿಷ್ ಪದಸಂಪತ್ತು ಹೆಚ್ಚಿಸಿಕೊಳ್ಳಲು ಹೊರಟವರ ನೋಟ್‌ಬುಕ್ ತೆರೆದು ನೋಡಿದರೆ ಅವರ ಉತ್ಸಾಹದ ಆಯಸ್ಸು ಎಷ್ಟಿತ್ತು ಅಂತ ಹೇಳಿಬಿಡಬಹುದು. ಮೊದಲ ಪುಟದಲ್ಲಿ ಮುತ್ತು ಪೋಣಿಸಿದಂಥ ಅಕ್ಷರ. ಎಡಕ್ಕೆ ಪದ, ನಡುವೆ ಸಮ ಚಿಹ್ನೆ, ಬಲಕ್ಕೆ ಕನ್ನಡದ ಅರ್ಥ. ಅಬೇಸ್, ಅಬ್ಯಾಶ್, ಅಬೇಟ್, ಅಬೆಟ್, ಅಬ್‌ಹಾರ್, ಅಬ್‌ಜೂರ್ ಅಂತ ಸಾಲು ಹಿಡಿದು ನಿಂತಿರುತ್ತವೆ. ಮೂರನೇ ಪುಟಕ್ಕೆ ಕೆಂಪು ಶಾಯಿಯ ಅಡಿಗೆರೆ ಮಾಯ. ಎಂಟನೇ ಪುಟಕ್ಕೆ ಪೆನ್ನು ಹೋಗಿ ಪೆನ್ಸಿಲ್ ಬಂದಿರುತ್ತದೆ. 'ಸಿ' ಅಕ್ಷರದ ನಡುವೆ ಎಲ್ಲೋ ಬರವಣಿಗೆ ನಿಂತು, ಉಳಿದದ್ದೆಲ್ಲ ಖಾಲಿ ಹಾಳೆ. 'ಎ'ಯಲ್ಲಿ ಪಂಡಿತರೂ 'ವಿ'ಯಲ್ಲಿ ಪಾಮರರೂ ಆದ ಒಂದು ದೊಡ್ಡ ಜನವರ್ಗವೇ ಹೀಗೆ ತಯಾರಾಗಿದೆ.

ತಪ್ಪು ಸೋಮಾರಿತನದ್ದಲ್ಲ, ಅಕಾರಾದಿಯದು. ಅಕಾರಾದಿ ಇರುವುದು ಪದವನ್ನು ಹುಡುಕುವವರಿಗೆ. ಕಲಿಯುವವರಿಗೆ ಅದು ಶತ್ರು. ನೋಡಲು ಒಂದೇ ಥರದ ಪದಗಳನ್ನೆಲ್ಲ ಅದು ತಂದು ಪಕ್ಕಪಕ್ಕ ಕೂರಿಸುತ್ತದೆ. ಅಬೇಟ್ ಅಂದರೆ ತಗ್ಗು, ಅಬೆಟ್ ಅಂದರೆ ಕೆಟ್ಟ ಕೆಲಸಕ್ಕೆ ಕುಮ್ಮಕ್ಕು ಕೊಡು. ಒಂದೇ ಸಂಜೆ ಎರಡನ್ನೂ ಕಲಿತವರಿಗೆ ಒಂದು ವಾರದ ಮೇಲೆ ಬಿರುಗಾಳಿ ತಗ್ಗಿತೋ ಕುಮ್ಮಕ್ಕು ಕೊಟ್ಟಿತೋ ಅನ್ನುವ ಅನುಮಾನ ಶುರುವಾಗುತ್ತದೆ.

ಹಾಗಾದರೆ ಯಾವ ಪದ ಮೊದಲು? ಇದಕ್ಕೆ ಲೆಕ್ಕ ಹಾಕಿಟ್ಟ ಭಾಷಾ ವಿದ್ವಾಂಸರಿದ್ದಾರೆ. ಮೈಕೆಲ್ ವೆಸ್ಟ್ 1953ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ ದಿನಬಳಕೆಗೆ ಬೇಕಾದ ಸುಮಾರು 2000 ಪದಗಳಿದ್ದವು. ಅದರ ಮೇಲೆ 2000ನೇ ಇಸವಿಯಲ್ಲಿ ಆವ್ರಿಲ್ ಕಾಕ್ಸ್‌ಹೆಡ್ ವಿದ್ವತ್ ಬರಹಗಳಲ್ಲಿ ಮತ್ತೆ ಮತ್ತೆ ಬರುವ 570 ಪದಕುಟುಂಬಗಳನ್ನು ಬೇರೆ ಮಾಡಿಕೊಟ್ಟರು. ಅನಲೈಜ್, ಅನಾಲಿಸಿಸ್, ಅನಲಿಟಿಕಲ್ ಎಲ್ಲ ಸೇರಿ ಇಲ್ಲಿ ಒಂದು ಕುಟುಂಬ. ಕಾದಂಬರಿಯನ್ನೋ ಪತ್ರಿಕೆಯನ್ನೋ ನಿಘಂಟಿನ ಹಂಗಿಲ್ಲದೆ ಓದಬೇಕಾದರೆ ಎಂಟೊಂಬತ್ತು ಸಾವಿರ ಕುಟುಂಬಗಳು ಬೇಕು ಎಂಬುದು ಪಾಲ್ ನೇಷನ್ ಅವರ 2006ರ ಅಂದಾಜು. ಆಗ ಪಠ್ಯದ ಶೇಕಡಾ 98ರಷ್ಟು ಪದಗಳು ಪರಿಚಿತವಾಗಿರುತ್ತವೆ. ಅಂದರೆ 50 ಪದಕ್ಕೊಂದು ಅಪರಿಚಿತ ಮುಖ. ಅಷ್ಟಿದ್ದರೆ ಆ ಒಂದರ ಅರ್ಥವನ್ನು ಸುತ್ತಲಿನ ವಾಕ್ಯದಿಂದಲೇ ಊಹಿಸಬಹುದು.

ಜನ ಮಾಡುವುದು ಇದರ ಉಲ್ಟಾ. ಸೆಸ್ಕ್ವಿಪಿಡೇಲಿಯನ್ ಅನ್ನುವ ಪದ ಬಾಯಿಪಾಠ ಆಗಿರುತ್ತದೆ. ಉದ್ದುದ್ದ ಪದ ಬಳಸುವವರನ್ನು ಗೇಲಿ ಮಾಡಲೆಂದೇ ಇರುವ ಉದ್ದದ ಪದ ಅದು. ಆದರೆ ಆಲ್‌ಬೀಇಟ್ (ಆದರೂ), ನಾಟ್‌ವಿತ್‌ಸ್ಟ್ಯಾಂಡಿಂಗ್ (ಅದೇನೇ ಇದ್ದರೂ) ಎದುರಾದಾಗ ಓದು ಗಕ್ಕನೆ ನಿಲ್ಲುತ್ತದೆ. ಆ 570ರ ಪಟ್ಟಿಯಲ್ಲಿ ಈ ಎರಡಕ್ಕೂ ಜಾಗವಿದೆ, ಮೊದಲಿನದಕ್ಕೆ ಇಲ್ಲ. ವಾಕ್ಯದ ದಿಕ್ಕು ತಿರುಗಿಸುವ ಇಂಥ ಪದ ಗೊತ್ತಿಲ್ಲದಿದ್ದರೆ ಮಿಕ್ಕ ಎಲ್ಲ ಪದ ಗೊತ್ತಿದ್ದರೂ ವಾಕ್ಯ ಹೇಳಿದ್ದು ಹೌದೋ ಅಲ್ಲವೋ ತಿಳಿಯುವುದಿಲ್ಲ.

ಇನ್ನು ಆ ಸಮ ಚಿಹ್ನೆ. ಹೆಚ್ಚಿನ ಅನಾಹುತ ಆಗುವುದು ಅಲ್ಲೇ. ಬಿರುಗಾಳಿ ಅಬೇಟ್ ಆಗುತ್ತದೆ, ನೋವನ್ನು ಅಲೀವಿಯೇಟ್ ಮಾಡುತ್ತಾರೆ, ಅಪಾಯವನ್ನು ಮಿಟಿಗೇಟ್ ಮಾಡುತ್ತಾರೆ, ಸಿಟ್ಟಾದವರನ್ನು ಮಾಲಿಫೈ ಮಾಡುತ್ತಾರೆ. ನೋಟ್‌ಬುಕ್ಕಿನಲ್ಲಿ ಈ ನಾಲ್ಕರ ಮುಂದೂ ಇರುವುದು 'ಕಡಿಮೆ ಮಾಡು' ಅಂತ. ಪರೀಕ್ಷೆಯ ಹಿಂದಿನ ರಾತ್ರಿಗೆ ಇದು ಸಾಕು. ಮರುದಿನ ಯಾರೋ ಬಿರುಗಾಳಿಯನ್ನು ಮಾಲಿಫೈ ಮಾಡಿ ಬರೆದಿರುತ್ತಾರೆ, ಓದಿದವರು ನಗುತ್ತಾರೆ, ಬರೆದವರಿಗೆ ಯಾಕೆ ಅಂತಲೇ ಗೊತ್ತಾಗುವುದಿಲ್ಲ. ಅರ್ಥ ಸರಿಯಾಗಿಯೇ ಇತ್ತಲ್ಲ!

ದುಡ್ಡಿನ ವಿಷಯದಲ್ಲಿ ಕೈ ಬಿಗಿ ಹಿಡಿಯುವವರಿಗೆ ಇಂಗ್ಲಿಷಿನಲ್ಲಿ ಎಷ್ಟು ಹೆಸರಿದೆ ನೋಡಿ. ಫ್ರೂಗಲ್ ಅಂದರೆ ಮೆಚ್ಚುಗೆ. ಬೇಕಾದಷ್ಟೇ ಖರ್ಚು ಮಾಡುವವರು. ಥ್ರಿಫ್ಟಿಯಲ್ಲೂ ಮೆಚ್ಚುಗೆಯೇ, ಉಳಿಸಿ ಬಾಳುವ ಜಾಣತನದ್ದು. ಸ್ಟಿಂಜಿ ಅಂದರೆ ಜುಗ್ಗ, ನೇರ ಬೈಗುಳ. ಮೈಸರ್ಲಿ ಅಂದರೆ ತಾನೂ ತಿನ್ನದೆ ಕೂಡಿಡುವ ಕಡುಲೋಭಿ. ಪೆನ್ಯೂರಿಯಸ್ ಎರಡು ಕಡೆಗೂ ಸಲ್ಲುತ್ತದೆ: ಜಿಪುಣನೂ ಹೌದು, ಗತಿಗೆಟ್ಟವನೂ ಹೌದು. ಇವುಗಳಲ್ಲಿ ವಿಚಿತ್ರದ್ದು ಪಾರ್ಸಿಮೋನಿಯಸ್. ಮನುಷ್ಯನಿಗೆ ಅಂಟಿಸಿದರೆ ನಿಂದೆ. ವಿಜ್ಞಾನದ ವಿವರಣೆಯೊಂದಕ್ಕೆ ಅಂಟಿಸಿದರೆ ಹೊಗಳಿಕೆ, ಕಡಿಮೆ ಊಹೆಗಳಲ್ಲೇ ಕೆಲಸ ಮುಗಿಸಿತು ಅಂತ. 'ಜಿಪುಣ' ಎಂಬ ಒಂದೇ ಅರ್ಥ ಬರೆದುಕೊಂಡವರು ಯಾರನ್ನೋ ಹೊಗಳಲು ಹೋಗಿ ಜಗಳ ತಂದುಕೊಳ್ಳುತ್ತಾರೆ. ಅದಕ್ಕೇ ಹೊಸ ಪದ ಸಿಕ್ಕಾಗ ಅರ್ಥದ ಜೊತೆ ಇನ್ನೆರಡು ವಿಷಯ ಬರೆದುಕೊಳ್ಳಬೇಕು: ಅದು ಯಾವ ಪದಗಳ ಪಕ್ಕ ಕೂರುತ್ತದೆ, ಅದರಲ್ಲಿ ಹೊಗಳಿಕೆ ಇದೆಯೋ ಬೈಗುಳ ಇದೆಯೋ. ವಿದೇಶದಲ್ಲಿ ಉನ್ನತ ವ್ಯಾಸಂಗಕ್ಕೆ ಹೊರಟವರು ಬರೆಯುವ ಜಿಆರ್‌ಇ ಪರೀಕ್ಷೆಯೇ 2011ರಲ್ಲಿ ವಿರುದ್ಧಪದದ ಪ್ರಶ್ನೆಗಳನ್ನು ಕೈಬಿಟ್ಟು, ವಾಕ್ಯದೊಳಗೆ ಪದ ಕೂರಿಸುವ ಪ್ರಶ್ನೆಗಳಿಗೆ ಒತ್ತು ಕೊಟ್ಟಿತು. ಪಟ್ಟಿ ಉರುಹೊಡೆಯುವ ಅಭ್ಯಾಸ ಮಾತ್ರ ಹಾಗೇ ಉಳಿದಿದೆ.

ಮೂಲಧಾತು ಹಿಡಿದು ಕಲಿಯುವ ದಾರಿ ಒಂದಿದೆ, ಒಳ್ಳೆಯದೇ. ಲ್ಯಾಟಿನ್ನಿನ 'ಲೊಕ್ವಿ' ಅಂದರೆ ಮಾತಾಡು. ಅದೊಂದು ಗೊತ್ತಿದ್ದರೆ ಎಲೊಕ್ವೆಂಟ್ ವಾಗ್ಮಿ, ಲೊಕ್ವೇಶಿಯಸ್ ವಾಚಾಳಿ, ಸೊಲಿಲೊಕ್ವಿ ಸ್ವಗತ. ವೆಂಟ್ರಿಲೊಕ್ವಿಸ್ಟ್ ಅಂದರೆ ಅಕ್ಷರಶಃ ಹೊಟ್ಟೆಯಿಂದ ಮಾತಾಡುವವನು. ಒಂದು ಏಟಿಗೆ ನಾಲ್ಕು ಹಣ್ಣು. ಆದರೆ ಈ ಖುಷಿಯಲ್ಲಿ ಧಾತುವನ್ನೇ ನಂಬಿಕೊಂಡು ಅರ್ಥ ಕಟ್ಟಲು ಹೋದರೆ ಕೈ ಸುಡುತ್ತದೆ. ನಾಯ್ಸಮ್ ಎಂಬುದಕ್ಕೂ ಗದ್ದಲಕ್ಕೂ ಸಂಬಂಧವಿಲ್ಲ; ಅದು ಅನಾಯ್‌ನ ವಂಶದ್ದು, ಸಾಮಾನ್ಯವಾಗಿ ದುರ್ವಾಸನೆಗೆ ಬಳಕೆ. ಎನರ್ವೇಟ್ ಕೇಳಲು ಚೈತನ್ಯ ತುಂಬುವಂತಿದೆ, ಮಾಡುವುದು ನರ ಕಿತ್ತು ನಿತ್ರಾಣಗೊಳಿಸುವ ಕೆಲಸ. ರೆಸ್ಟಿವ್ ಅಂದರೆ ವಿಶ್ರಾಂತಿಯಲ್ಲಿರುವವನಲ್ಲ, ಚಡಪಡಿಸುವವನು. ಮೊದಲು ಅದು ಮುಂದೆ ಹೆಜ್ಜೆ ಇಡಲು ಒಪ್ಪದೆ ನಿಂತುಬಿಡುವ ಹಟಮಾರಿ ಕುದುರೆಗೆ ಹೇಳುವ ಮಾತಾಗಿತ್ತು. ನಿಂತ ಕುದುರೆ ಕಾಲು ಕೆದರದೆ ಇರುತ್ತದೆಯೇ, ಅರ್ಥ ಅಲ್ಲಿಂದ ಜಾರಿತು. ಮೆರಿಟ್ರಿಶಿಯಸ್ ಎಂಬ ಪದದಲ್ಲಿ ಮೆರಿಟ್ ಇದೆ, ಮೂಲವೂ ಒಂದೇ. ಆದರೆ ನಡುವೆ ಲ್ಯಾಟಿನ್ನಿನ ವೇಶ್ಯೆಯೊಬ್ಬಳ ಮನೆ ಹೊಕ್ಕು ಬಂದ ಪದ ಅದು. ಅರ್ಥ, ಮೇಲೆ ಥಳಕು ಒಳಗೆ ಹುಳುಕು. ಧಾತು ನೆನಪಿಗೆ ಒಂದು ಹಿಡಿಕೆ ಆಗಬಹುದು, ತೀರ್ಪು ಕೊಡುವುದು ಮಾತ್ರ ನಿಘಂಟು. ಇಲ್ಲಿ ನಿಘಂಟು ಎಂದರೆ ಭಾಷೆ ಕಲಿಯುವವರಿಗೆಂದೇ ಮಾಡಿದ ನಿಘಂಟು. ಅಂಥವು ಒಂದು ಕಠಿಣ ಪದವನ್ನು ಇನ್ನೆರಡು ಕಠಿಣ ಪದಗಳಿಂದ ವಿವರಿಸುವುದಿಲ್ಲ. ಎರಡು ಮೂರು ಸಾವಿರ ಸರಳ ಪದಗಳೊಳಗೇ ಅರ್ಥ ಹೇಳಿ, ಜೊತೆಗೆ ವಾಕ್ಯ ಕೊಡುತ್ತವೆ.

ಜೋಡಿಪದಗಳ ಕಾಟ ಬೇರೆ. ಇಂಜೀನಿಯಸ್ ಅಂದರೆ ಚತುರ, ಇಂಜೆನ್ಯುಅಸ್ ಅಂದರೆ ಕಪಟವರಿಯದವ. ವೀನಲ್ ಅಂದರೆ ಲಂಚಕ್ಕೆ ಬಗ್ಗುವವ, ವೀನಿಯಲ್ ಅಂದರೆ ಕ್ಷಮಿಸಬಹುದಾದ ಸಣ್ಣ ತಪ್ಪು. ಪ್ರಿಸ್ಕ್ರೈಬ್ ಮಾಡಿದ್ದನ್ನು ಪಾಲಿಸಬೇಕು, ಪ್ರೋಸ್ಕ್ರೈಬ್ ಮಾಡಿದ್ದನ್ನು ಮುಟ್ಟಬಾರದು. ನ್ಯಾಯಾಧೀಶರು ಡಿಸ್‌ಇಂಟರೆಸ್ಟೆಡ್, ಅಂದರೆ ನಿಷ್ಪಕ್ಷಪಾತಿ ಆಗಿರಬೇಕು. ಅನ್‌ಇಂಟರೆಸ್ಟೆಡ್, ಅಂದರೆ ಆಸಕ್ತಿಯೇ ಇಲ್ಲದವರು ಆದರೆ ಕಕ್ಷಿದಾರನ ಗತಿ ಮುಗಿಯಿತು. ಇವನ್ನು ಎರಡು ಕಾಲಂ ಮಾಡಿ ಎದುರುಬದುರು ಬರೆದು ಕಲಿಸುವ ಪದ್ಧತಿ ಎಲ್ಲ ಕಡೆ ಇದೆ. ಅವಳಿ ಮಕ್ಕಳನ್ನು ಒಟ್ಟಿಗೆ ನಿಲ್ಲಿಸಿ ಹೆಸರು ಹೇಳಿಕೊಟ್ಟ ಹಾಗೆ ಅದು: ಹೆಸರು ಎರಡೂ ನೆನಪಿರುತ್ತದೆ, ಯಾರು ಯಾರು ಅನ್ನುವುದು ಮರೆಯುತ್ತದೆ. ಮೊದಲು ಒಂದನ್ನು ಗಟ್ಟಿ ಮಾಡಿಕೊಂಡು, ಅದು ತಡವರಿಸದೆ ಬಾಯಿಗೆ ಬಂದ ಮೇಲೆ, ಎರಡು ವಾರ ಬಿಟ್ಟು ಇನ್ನೊಂದನ್ನು ಮುಟ್ಟುವುದು ಲೇಸು. ಸಮಾನಾರ್ಥಕಗಳಿಗೂ ಇದೇ ನಿಯಮ.

ಇಷ್ಟೆಲ್ಲ ಪದ ಈ ಭಾಷೆಗೆ ಬಂದದ್ದಾದರೂ ಎಲ್ಲಿಂದ? 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದರು, ಫ್ರೆಂಚ್ ಅರಮನೆ ಸೇರಿತು, ಲ್ಯಾಟಿನ್ ಮಠ ಮತ್ತು ವಿದ್ವಾಂಸರ ಬಳಿ ಇತ್ತು, ಹಳೆಯ ಇಂಗ್ಲಿಷ್ ಹೊಲ ಹಟ್ಟಿಯಲ್ಲಿ ಉಳಿಯಿತು. ಹಾಗಾಗಿ ಒಂದೇ ಕೆಲಸಕ್ಕೆ ಮೂರು ಪದ: ಕಿಂಗ್ಲಿ, ರಾಯಲ್, ರೀಗಲ್. ಸುಮ್ಮನೆ ಆಸ್ಕ್ ಮಾಡಬಹುದು, ಕ್ವೆಶ್ಚನ್ ಮಾಡಬಹುದು, ಇಂಟರಾಗೇಟ್ ಮಾಡಬಹುದು. ಮೂರನೆಯದಕ್ಕೆ ಬರುವ ಹೊತ್ತಿಗೆ ಕೋಣೆಯ ಬಾಗಿಲು ಮುಚ್ಚಿರುತ್ತದೆ. 16ನೇ ಶತಮಾನದಲ್ಲಿ ವಿದ್ವಾಂಸರು ಲ್ಯಾಟಿನ್ನಿನಿಂದ ಎಗ್ಗಿಲ್ಲದೆ ಪದ ತಂದು ಸುರಿದಾಗ ವಿರೋಧಿಗಳು ಅವನ್ನು ಶಾಯಿಕುಡಿಕೆಯ ಪದಗಳು ಅಂತ ಹಂಗಿಸಿದರು. ಬೆನ್ ಜಾನ್ಸನ್ 1601ರ ತನ್ನ ನಾಟಕವೊಂದರಲ್ಲಿ ಅಂಥ ಕವಿಯೊಬ್ಬನಿಗೆ ಮಾತ್ರೆ ನುಂಗಿಸಿ, ಅವನು ನುಂಗಿದ್ದ ದೊಡ್ಡ ಪದಗಳನ್ನೆಲ್ಲ ರಂಗದ ಮೇಲೆಯೇ ಬೋಗುಣಿಗೆ ಕಕ್ಕಿಸಿದ. ಕಕ್ಕಿದ ಪಟ್ಟಿಯಲ್ಲಿ ಪ್ರೊರಂಪ್ಡ್, ಒಬ್‌ಸ್ಟುಪಿಫ್ಯಾಕ್ಟ್ ಇದ್ದವು, ಸತ್ತವು. ಆದರೆ ಸ್ಟ್ರೆನ್ಯುಅಸ್, ಸ್ಪ್ಯೂರಿಯಸ್, ರೆಸಿಪ್ರೋಕಲ್, ಡಿಫಂಕ್ಟ್ ಕೂಡ ಅದರಲ್ಲೇ ಇದ್ದವು. ಅಂದು ಬೋಗುಣಿಯಲ್ಲಿದ್ದದ್ದು ಇಂದು ಪದಪಟ್ಟಿಯಲ್ಲಿದೆ, ಕಾನ್ಷಿಯಸ್ ಅಂತೂ ಯಾರಿಗೂ ದೊಡ್ಡ ಪದ ಅನ್ನಿಸುವುದೇ ಇಲ್ಲ.

ನೆನಪಿನ ಲೆಕ್ಕಕ್ಕೆ ಬರೋಣ. ಜರ್ಮನ್ ಮನಶ್ಶಾಸ್ತ್ರಜ್ಞ ಹರ್ಮನ್ ಎಬ್ಬಿಂಗ್‌ಹಾಸ್ ಅರ್ಥವೇ ಇಲ್ಲದ ಅಕ್ಷರಗುಂಪುಗಳನ್ನು ತಾನೇ ಬಾಯಿಪಾಠ ಮಾಡಿ, ತನ್ನ ಮರೆವನ್ನು ತಾನೇ ಅಳೆದು 1885ರಲ್ಲಿ ಪ್ರಕಟಿಸಿದ. ಮರೆವು ಮೊದಲ ಗಂಟೆಗಳಲ್ಲೇ ದಡದಡ ಆಗುತ್ತದೆ, ಆಮೇಲೆ ನಿಧಾನವಾಗುತ್ತದೆ; ಒಂದೇ ಸಲಕ್ಕೆ ಕೂತು ಓದುವುದಕ್ಕಿಂತ ದಿನಗಳ ಅಂತರದಲ್ಲಿ ಓದಿದ್ದು ಹೆಚ್ಚು ನಿಲ್ಲುತ್ತದೆ. ಸೆಬಾಸ್ಟಿಯನ್ ಲೈಟ್ನರ್ 1972ರಲ್ಲಿ ಇದಕ್ಕೊಂದು ಪೆಟ್ಟಿಗೆಯ ಉಪಾಯ ಹೇಳಿದ. ಪದಕ್ಕೊಂದು ಕಾರ್ಡು, ಮುಂದೆ ಪ್ರಶ್ನೆ, ಹಿಂದೆ ಉತ್ತರ. ಪೆಟ್ಟಿಗೆಯಲ್ಲಿ ಐದು ಖಾನೆಗಳು. ಹೊಸ ಕಾರ್ಡು ಮೊದಲ ಖಾನೆಯಲ್ಲಿ. ಸರಿ ಹೇಳಿದರೆ ಮುಂದಿನ ಖಾನೆಗೆ ಬಡ್ತಿ, ತಪ್ಪಿದರೆ ಎಲ್ಲಿದ್ದರೂ ಮತ್ತೆ ಮೊದಲನೆಯದಕ್ಕೆ. ಮುಂದಿನ ಖಾನೆಗಳನ್ನು ಹೆಚ್ಚು ಹೆಚ್ಚು ದಿನ ಬಿಟ್ಟು ತೆರೆಯುವುದು. 1, 3, 7, 16, 35ನೇ ದಿನ ಅಂತ ಇಟ್ಟುಕೊಂಡರೂ ಕೆಲಸ ನಡೆಯುತ್ತದೆ. ಇಂದಿನ ಆಂಕಿ (Anki) ಥರದ, ಕಾರ್ಡು ತೋರಿಸಿ ನೆನಪಿಸುವ ಆ್ಯಪ್‌ಗಳು ಮಾಡುವುದು ಇದೇ ಲೆಕ್ಕವನ್ನು, ಇನ್ನಷ್ಟು ನಾಜೂಕಾಗಿ.

ಕಾರ್ಡಿನ ಮೇಲೆ ಏನಿರಬೇಕು ಅನ್ನುವುದು ಪೆಟ್ಟಿಗೆಗಿಂತ ಮುಖ್ಯ. ಮಿಟಿಗೇಟ್ ಅನ್ನೇ ತಗೊಳ್ಳಿ. ಮುಂಭಾಗದಲ್ಲಿ ಪದ ಬರೆಯಬೇಡಿ. ಹೊಸ ತಡೆಗೋಡೆ ಪ್ರವಾಹದ ಹಾನಿಯನ್ನು ತಗ್ಗಿಸೀತು ಎಂಬರ್ಥದ ಒಂದು ಇಂಗ್ಲಿಷ್ ವಾಕ್ಯ ಬರೆದು, ಪದ ಇರಬೇಕಾದ ಕಡೆ 'ಎಮ್' ಅಕ್ಷರ ಮತ್ತು ಖಾಲಿ ಗೆರೆ ಬಿಡಿ. ಹಿಂಭಾಗದಲ್ಲಿ ಪದ, ಒಂದು ಸಾಲಿನ ಅರ್ಥ, ಜೊತೆಗಾರರು ಯಾರೆಂದು: ರಿಸ್ಕ್, ಡ್ಯಾಮೇಜ್, ಇಂಪ್ಯಾಕ್ಟ್. ಒತ್ತು ಮೊದಲ ಅಕ್ಷರದ ಮೇಲೆ ಅಂತ ಒಂದು ಗುರುತು. ಕೆಳಗೆ ಒಂದು ಎಚ್ಚರಿಕೆ: ಮಿಲಿಟೇಟ್ ಬೇರೆ, ಅದರ ನಂತರ ಅಗೇನ್‌ಸ್ಟ್ ಬರುತ್ತದೆ. ಇಷ್ಟೇ. ಇದಕ್ಕಿಂತ ಹೆಚ್ಚು ತುಂಬಿದರೆ ಕಾರ್ಡ್ ತಿರುಗಿಸಿದಾಗ ಏನು ಸರಿ ಏನು ತಪ್ಪು ಅಂತ ತೀರ್ಮಾನಿಸಲಾಗದೆ, ಎಲ್ಲಕ್ಕೂ 'ಗೊತ್ತಿತ್ತು' ಅಂತ ನಮಗೆ ನಾವೇ ಪಾಸು ಹಾಕಿಕೊಳ್ಳುತ್ತೇವೆ.

ಕೆಲವು ಪದಕ್ಕೆ ಧ್ವನಿಯ ಕೊಂಡಿ ಸಿಗುತ್ತದೆ. ಗಾಂಟ್ ಅಂದರೆ ಮೂಳೆ ಎದ್ದು ಕಾಣುವಷ್ಟು ಬಡಕಲು. ಗಂಟುಗಂಟಾಗಿ ಕಾಣುವ ಮೂಳೆ ಅಂದುಕೊಂಡರೆ ಅದು ಮತ್ತೆ ಮರೆಯುವುದಿಲ್ಲ. ಆದರೆ ಎಲ್ಲ ಪದಕ್ಕೂ ಇಂಥ ಕೊಂಡಿ ಹುಡುಕಲು ಕೂತರೆ ಪದಕ್ಕಿಂತ ಕೊಂಡಿ ನೆನಪಿಡುವುದೇ ಕಷ್ಟ.

ಪದ್ಧತಿ ಕೆಡುವುದು ಸಾಮಾನ್ಯವಾಗಿ ಆಸೆಯಿಂದ. ದಿನಕ್ಕೆ 20 ಹೊಸ ಕಾರ್ಡು ಸೇರಿಸುವುದು ಮೊದಲ ವಾರ ಸಲೀಸು. ಕೆಲವೇ ವಾರಗಳಲ್ಲಿ ಹಳೆಯವುಗಳ ಪುನರಾವರ್ತನೆಯೇ ದಿನಕ್ಕೆ 150ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಎರಡು ದಿನ ತಪ್ಪಿದರೆ ಮೂರನೇ ದಿನ ಬೆಟ್ಟ ಎದುರಿಗಿರುತ್ತದೆ. ದಿನಕ್ಕೆ ಏಳೆಂಟು ಸಾಕು. ಅದೂ ಓದುತ್ತಿರುವಾಗ ಎಲ್ಲಿಯೋ ಎರಡು ಸಲ ಕಣ್ಣಿಗೆ ಬಿದ್ದ ಪದವಾದರೆ ಮಾತ್ರ ಕಾರ್ಡಿನ ಯೋಗ್ಯತೆ ಅದಕ್ಕಿದೆ.

ಓದಿಯೇ ಕಲಿತವರನ್ನು ಉಚ್ಚಾರಣೆ ಒಂದಲ್ಲ ಒಂದು ದಿನ ಹಿಡಿದುಹಾಕುತ್ತದೆ. ಬರೆದಂತೆ ಓದುವ ಲಿಪಿಯಲ್ಲಿ ಬೆಳೆದ ನಮಗೆ ಇದು ಇನ್ನೂ ಕಷ್ಟ. ಎಪಿಟೋಮ್ ಅಲ್ಲ, ಇಪಿಟಮಿ. ಹೈಪರ್‌ಬೋಲ್ ಅಲ್ಲ, ಹೈಪರ್ಬಲಿ. ಇಂಡಿಕ್ಟ್ ಅಲ್ಲ, ಇಂಡೈಟ್. ಮಿಸ್‌ಲೆಡ್ ಅನ್ನು ಮೈಸಲ್ಡ್ ಎಂದು ಓದಿಕೊಂಡು, ಅದೊಂದು ಬೇರೆಯೇ ಪದ ಎಂದು ವರ್ಷಗಟ್ಟಲೆ ನಂಬಿದವರು ಇಂಗ್ಲಿಷ್ ಮನೆಮಾತಿನವರಲ್ಲೂ ಇದ್ದಾರೆ. ಒತ್ತೂ ಜಾಗ ಬದಲಿಸುತ್ತದೆ: ಫೋಟೊಗ್ರಾಫ್‌ನಲ್ಲಿ ಮೊದಲ ಅಕ್ಷರಕ್ಕೆ, ಫಟಾಗ್ರಫರ್‌ನಲ್ಲಿ ಎರಡನೆಯದಕ್ಕೆ, ಫೋಟೊಗ್ರಾಫಿಕ್‌ನಲ್ಲಿ ಮೂರನೆಯದಕ್ಕೆ. ಪದ ಬರೆದುಕೊಳ್ಳುವ ದಿನವೇ ಒಮ್ಮೆ ಕೇಳಿಸಿಕೊಂಡುಬಿಡಬೇಕು. ತಪ್ಪು ಉಚ್ಚಾರ ನಾಲಿಗೆಗೆ ಕೂತ ಮೇಲೆ ಎಬ್ಬಿಸುವುದು ಕಷ್ಟ.

ಕೊನೆಗೆ ಬಳಕೆ. ಗುರುತು ಹಿಡಿಯಬಲ್ಲ ಪದಗಳ ಒಂದು ಸಣ್ಣ ಪಾಲು ಮಾತ್ರ ಬಳಕೆಗೆ ಬರುತ್ತದೆ, ಬಂದರೆ ಸಾಕು ಕೂಡ. ಪೀಟರ್ ರೋಜೆ 1852ರಲ್ಲಿ ಹೊರತಂದ ಪರ್ಯಾಯಕೋಶದಂಥದ್ದು ಗೊತ್ತಿರುವ ಪದವನ್ನು ನೆನಪಿಸಲು ಇರುವ ಸಾಧನ. ಅದರಿಂದ ಗೊತ್ತಿಲ್ಲದ ಪದ ಎತ್ತಿ ಪ್ರಬಂಧಕ್ಕೆ ಹಾಕಿದವರು ಬೇಗ ಸಿಕ್ಕಿಬೀಳುತ್ತಾರೆ. ಸ್ಯಾಂಕ್ಷನ್ ಥರದವಂತೂ ಒಪ್ಪಿಗೆಯನ್ನೂ ದಂಡನೆಯನ್ನೂ ಒಂದೇ ಬಾಯಲ್ಲಿ ಹೇಳುತ್ತವೆ. ಪೆರೂಜ್ ಮಾಡು ಎಂದರೆ ಗಮನವಿಟ್ಟು ಓದು ಎಂದರ್ಥ. ಈಗ ಮೇಲುಮೇಲೆ ಕಣ್ಣಾಡಿಸು ಎಂದೂ ಜನ ಬಳಸುತ್ತಾರೆ. ಅರ್ಜಿಯ ತಳದಲ್ಲಿ 'ಕೈಂಡ್ಲಿ ಪೆರೂಜ್' ಅಂತ ಬರೆದಿದ್ದರೆ, ಕೈಗೆತ್ತಿಕೊಂಡ ಅಧಿಕಾರಿ ತನಗೆ ಅನುಕೂಲವಾದ ಅರ್ಥವನ್ನೇ ಆರಿಸಿಕೊಳ್ಳುತ್ತಾನೆ.