ಬಂಡೆ ಹತ್ತೋದು ಆಮೇಲೆ, ಮೊದ್ಲು ಕಾರು ನಿಲ್ಸೋದು ಕಲೀರಿ

ಅಲ್ರಪ್ಪ, ಹಗ್ಗ ಕಟ್ಟಿ ಹತ್ತೋಕೆ ಬಾದಾಮಿ ಬಂಡೆಗೆ ದಾರಿ ಹೇಳಿ ಅಂದ್ರೆ ಒಂದು ಲೊಕೇಷನ್ ಕಳ್ಸಿ ಕೈ ತೊಳ್ಕೊಂಡು ಬಿಡ್ತೀರಲ್ಲ, ಅದು ಎಲ್ಲಿಗೆ ಒಯ್ದು ಬಿಡುತ್ತೆ ಅಂತ ಯಾರಾದ್ರೂ ನೋಡಿದ್ದೀರಾ? ಪಿನ್ ಇಟ್ಟಿರೋದು ಬಂಡೆಯ ನೆತ್ತಿ ಮೇಲೆ. ಹತ್ತೋರು ಬುಡಕ್ಕೆ ಹೋಗ್ಬೇಕು ಅಂತ ಮ್ಯಾಪಿಗೇನು ಗೊತ್ತು? ಪಿನ್ನಿಗೆ ಹತ್ರದ ರಸ್ತೆ ಯಾವ್ದೋ ಅಲ್ಲಿಗೆ ಕರ್ಕೊಂಡು ಹೋಗುತ್ತೆ, ಅದು ಗುಡ್ಡದ ಹಿಂಬದಿಗಿದ್ರೂ ಸರಿ. ಎರಡು ಪಿನ್ ಕಳ್ಸ್ರಿ: ಒಂದು ಕಾರು ನಿಲ್ಸೋ ಜಾಗದ್ದು, ಇನ್ನೊಂದು ಗೋಡೆ ಬುಡದ್ದು. ನಡುವಿನ ಕಾಲ್ದಾರಿನ ಬಾಯಲ್ಲಿ ಹೇಳ್ರಿ, ಯಾವ ಗುಡಿ ದಾಟಬೇಕು, ಎಲ್ಲಿ ಹೊರಳಬೇಕು ಅಂತ. ಅಷ್ಟಕ್ಕೂ ಜೀವ ಹೋಗುತ್ತೆ ನಿಮಗೆ.

ದಾರಿಯೇನು ಗುಟ್ಟಿನದಲ್ಲ. ದಾವಣಗೆರೆಯಿಂದ ಹೆದ್ದಾರಿ 48 ಹಿಡಿದು ಹಾವೇರಿ, ಹುಬ್ಬಳ್ಳಿ; ಅಲ್ಲಿಂದ ನವಲಗುಂದ, ನರಗುಂದ, ಕುಳಗೇರಿ ಕ್ರಾಸಿನಲ್ಲಿ ಬಲಕ್ಕೆ ಬಾದಾಮಿ. ಹೆಚ್ಚುಕಮ್ಮಿ 250 ಕಿ.ಮೀ., ಐದು ತಾಸು. ಚಿತ್ರದುರ್ಗದೋರು ಹೆದ್ದಾರಿ 50ರಲ್ಲಿ ಹೊಸಪೇಟೆ, ಕುಷ್ಟಗಿ, ಗಜೇಂದ್ರಗಡದ ಮೇಲೂ ಬರಬಹುದು. ಇಷ್ಟು ಬಿಟ್ಟು, ರೋಣದ ಕಡೆ ಒಳದಾರಿಯಲ್ಲಿ ಅರ್ಧ ಗಂಟೆ ಉಳಿಯುತ್ತೆ ಅಂತ ಮ್ಯಾಪು ಹೇಳಿದ ತಕ್ಷಣ ತಿರುಗಿಸೇ ಬಿಡ್ತಾರೆ. ಅದು ಎರೆ ನೆಲ ಕಣ್ರೀ! ಒಂದು ಮಳೆ ಬಿದ್ರೆ ಮಡ್ಗಾರ್ಡ್ ಒಳಗೆ ಮಣ್ಣು ಮೆತ್ತಿ ಚಕ್ರನೇ ತಿರುಗಲ್ಲ. ಒಣಗಿದ್ರೆ ಇನ್ನೊಂದು ಪೀಡೆ: ರಸ್ತೆ ಮೇಲೇ ಒಕ್ಕಣೆ. ಹುರುಳಿ ಹೊಟ್ಟಿನ ಮೇಲೆ ಕಾರು ಓಡ್ಸಿದ್ರೆ ಬಳ್ಳಿ ಹೋಗಿ ಆಕ್ಸಲ್ಲಿಗೆ ಸುತ್ಕೊಳ್ಳುತ್ತೆ, ಕಾದ ಸೈಲೆನ್ಸರ್ ತಾಗಿದ್ರೆ ಬೆಂಕಿ. ದಾಟಿದ ಮೇಲೆ ಇಳಿದು ಬಗ್ಗಿ ನೋಡಿ ಕಿತ್ತು ಹಾಕ್ಬೇಕು. ನಮ್ಮ ಕಡೆ ಮೆಕ್ಕೆಜೋಳ ಹರವಿ ಸುತ್ತ ಕಲ್ಲಿಟ್ಟಿರ್ತಾರಲ್ಲ, ಕತ್ತಲಲ್ಲಿ ಆ ಕಲ್ಲು ಕಾಣೋದು ಟೈರಿಗೆ ಬಡಿದ ಮೇಲೇನೇ. ಬಾಗಲಕೋಟೆ ಜಿಲ್ಲೆಗೆ ಕಾಲಿಟ್ರೆ ಹಿಂದಿನ ದೀಪ ಇಲ್ಲದ ಕಬ್ಬಿನ ಜೋಡಿ ಟ್ರೇಲರ್. ಹತ್ತೋ ಸೀಸನ್ನೂ ಕಬ್ಬು ನುರಿಸೋ ಸೀಸನ್ನೂ ಒಂದೇ, ನವೆಂಬರಿಂದ ಫೆಬ್ರವರಿ. ಅದಕ್ಕೇ ಬೆಳಕಿದ್ದಾಗ ಹೋಗಿ ಅನ್ನೋದು. ಕೇಳ್ತಾರಾ? ಬೆಳಗ್ಗೆ ಐದಕ್ಕೆ ಬಿಡೋಣ ಅಂತಾರೆ, ಬೆಣ್ಣೆ ದೋಸೆ ಹೋಟ್ಲು ತೆಗೆಯೋವರೆಗೂ ಊರು ಬಿಡಲ್ಲ.

ಇನ್ನು ಡಿಕ್ಕಿ. ಸಿಎನ್‌ಜಿ ಕಾರು ತರ್ತೀರಿ, ಡಿಕ್ಕಿ ತುಂಬ ಸಿಲಿಂಡರ್. ಕ್ರ್ಯಾಶ್ ಪ್ಯಾಡ್ (ಹಗ್ಗ ಇಲ್ಲದೆ ಹತ್ತುವಾಗ ಬಿದ್ರೆ ಪೆಟ್ಟಾಗದ ಹಾಗೆ ಕೆಳಗೆ ಹಾಸೋ ದಪ್ಪ ಹಾಸಿಗೆ) ಹಿಂದಿನ ಸೀಟಿಗೆ, ಮನುಷ್ಯರು ಪ್ಯಾಡಿನ ಅಡಿಗೆ. ಅದನ್ನಾದ್ರೂ ಸಹಿಸ್ಬಹುದು. ಇನ್ವರ್ಟರ್ ಬ್ಯಾಟರಿ ಹೊತ್ತು ತಂದ ಡಿಕ್ಕಿಯನ್ನ ಒರೆಸದೆ ಅದರಲ್ಲೇ ಹಗ್ಗ ಎಸೀತಾರಲ್ಲ, ಅವರಿಗೆ ಏನನ್ನಬೇಕು? ಹಗ್ಗ ನೈಲಾನಿಂದು. ಆಸಿಡ್ ತಾಗಿದ್ರೆ ನೂಲು ಸತ್ತು ಹೋಗುತ್ತೆ, ಹೊರಗಿನ ಕವಚ ನೋಡಿದ್ರೆ ಗೊತ್ತೇ ಆಗ್ದೆ ಇರಬಹುದು. ತೊಳೆದ್ರೂ ಸರಿಹೋಗಲ್ಲ, ಬಿಸಾಕಬೇಕು ಅಷ್ಟೇ. ಹಗ್ಗ ಇಡೋಕೆ ಬಾಯಿ ಕಟ್ಟೋ ಚೀಲ ಒಂದು ತಗೊಳ್ರಿ, 60 ಮೀಟರ್ ಹಗ್ಗದ ರೇಟಿನ ಮುಂದೆ ಅದೇನೂ ಅಲ್ಲ. ಬಂಡೆ ಹತ್ತೋ ಶೂನೂ ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡಬೇಡ್ರಿ, ಅಂಟು ಮೆತ್ತಗಾಗಿ ಅಡಿ ಏಳುತ್ತೆ.

ನಿಜವಾದ ಹೊಟ್ಟೆ ಉರಿ ಇರೋದು ಕಾರು ನಿಲ್ಸೋ ವಿಷಯಕ್ಕೆ. ಹತ್ತು ನಿಮಿಷ ನಡೆಯೋದು ತಪ್ಪುತ್ತೆ ಅಂತ ಹೊಲದ ಬಂಡಿದಾರಿಗೆ ಕಾರು ನುಗ್ಸಿ, ಅಡ್ಡ ನಿಲ್ಸಿ, ಗೇರಲ್ಲಿಟ್ಟು ಬೀಗ ಹಾಕಿ ಹೋಗ್ತಾರೆ. ಮೇಲೆ ಹಗ್ಗದಲ್ಲಿ ನೇತಾಡೋನಿಗೆ ಹಾರ್ನ್ ಕೇಳಲ್ಲ. ಗಾಜಿಗೆ ನಂಬರ್ ಅಂಟ್ಸಿರ್ತಾನೆ, ಫೋನ್ ಮಾತ್ರ ಬುಡದಲ್ಲಿರೋ ಚೀಲದೊಳಗೆ ಸೈಲೆಂಟಲ್ಲಿ! ಕಬ್ಬಿನ ಟ್ರ್ಯಾಕ್ಟರು ಮಧ್ಯಾಹ್ನದವರೆಗೂ ಅಲ್ಲೇ. ಮರುದಿನ ಹೊಲದ ಯಜಮಾನ ಜಾಲಿ ಮುಳ್ಳು ಕಡಿದು ದಾರಿಗೆ ಬೇಲಿ ಜಡೀತಾನೆ. ಅವನ್ನ ಬೈಯೋ ಹಕ್ಕು ಯಾರಿಗಿದೆ? ದಾರಿ ಹೋಗಿದ್ದು ನಮ್ಮೆಲ್ಲರದ್ದು. ಊರೊಳಗಿನ ಓಣಿಗಳೂ ಹಾಗೇ, ಒಂದು ಕಾರು ನಿಂತ್ರೆ ನೀರಿನ ಗಾಡಿಗೂ ಜಾಗ ಇರಲ್ಲ. ಪೇಟೆಯಲ್ಲಿ ದುಡ್ಡು ಕೊಟ್ಟು ನಿಲ್ಸ್ರಿ, ಇಲ್ಲಾ ಉಳ್ಕೊಂಡಿರೋ ಲಾಡ್ಜಲ್ಲೇ ಬಿಟ್ಟು ನಡೀರಿ. ಹಳ್ಳಿ ದಾರಿಯಲ್ಲಿ ನಿಲ್ಸಲೇಬೇಕಾದ್ರೆ ಕೇಳಿ ನಿಲ್ಸ್ರಿ, ಪಕ್ಕದಲ್ಲಿ ಹತ್ತು ಅಡಿ ಬಿಡ್ರಿ, ಮೂತಿ ಹೊರಡೋ ಕಡೆಗಿರ್ಲಿ.

ನಡೆಯೋ ದಾರಿಗೆ ರಬ್ಬರ್ ಚಪ್ಪಲಿ ಬೇಡ, ಜಾಲಿ ಮುಳ್ಳು ಅಡಿ ತೂರಿ ಬರುತ್ತೆ. ಕೈಯಲ್ಲಿ ತಿಂಡಿ ಕವರ್ ಹಿಡ್ಕೊಂಡ್ರೆ ಅದು ಕೋತಿಗೆ ಕೊಟ್ಟ ಹಾಗೇ. ನೀರು ತಲೆಗೆ ನಾಲ್ಕು ಲೀಟರ್. ಬಂಡೆ ಚಾಚಿದ ಕಡೆ ಹೆಜ್ಜೇನು ಕಂಡ್ರೆ ಸುಮ್ನೆ ಬೇರೆ ಗೋಡೆಗೆ ಹೋಗ್ರಿ, ಅದರ ಕೆಳಗೆ ನಿಂತು ಬೀಡಿ ಹಚ್ಚೋ ಮಹಾನುಭಾವರೂ ಇದ್ದಾರೆ. ಗುಹಾಲಯದ ಬಂಡೆ ಸಂರಕ್ಷಿತ ಸ್ಮಾರಕ, ಅಲ್ಲಿ ಹತ್ತೋಕೆ ಹಗ್ಗ ಬಿಚ್ಚಿದ್ರೆ ಉಳಿದ ಗೋಡೆಗಳಿಗೂ ಕುತ್ತು. ಮಳೆ ಬಂದಿದ್ರಂತೂ ಊರೇ ಬಿಡಬೇಡ್ರಿ. ಚಿತ್ರದುರ್ಗದ ಗಟ್ಟಿ ಕಲ್ಲಲ್ಲ ಅದು, ಮರಳುಗಲ್ಲು. ನೀರು ಕುಡಿದಾಗ ಹಿಡಿಕೆಗಳು ಕೈಗೇ ಕಿತ್ತು ಬರ್ತವೆ. ಒಂದೆರಡು ದಿನ ಒಣಗಬೇಕು.

ಇಷ್ಟೆಲ್ಲ ರಗಳೆ ಬೇಡ ಅಂದ್ರೆ ದಾವಣಗೆರೆ ಮೇಲೇ ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ ಇದೆ, ರಾತ್ರಿ ಹತ್ತಿ ಮಲಗಿದ್ರೆ ಬಾದಾಮಿ. ಸ್ಟೇಷನ್ನಿಂದ ಊರಿಗೆ ಐದು ಕಿ.ಮೀ., ಆಟೋ ಸಿಗುತ್ತೆ. ಹಾಗಂದ್ರೆ ಟ್ರೈನಲ್ಲಿ ಪ್ಯಾಡ್ ಎಲ್ಲಿಡೋದು ಅಂತಾರೆ. ಹಗ್ಗ ಸಿಕ್ಕಿಸೋಕೆ ಬೋಲ್ಟ್ ಹೊಡೆದಿರೋ ಗೋಡೆಗೆ ಹಗ್ಗ ಹಾಕಿ ಹತ್ತೋಕೆ ಪ್ಯಾಡ್ ಯಾಕ್ರೀ, ಮಲಗೋಕಾ?